ಪೆರುಂಬಾಡಿಯಲ್ಲಿ ದಾರಿ ಕೇಳಿದವರಿಗೆ

ಚೆಕ್‌ಪೋಸ್ಟಿನ ಗೇಟು ಏಳುವವರೆಗೆ ಪುರುಸೊತ್ತು,
ಅಷ್ಟರಲ್ಲಿ ಗಾಜು ಇಳಿಸಿ ಕೇಳುತ್ತಾರೆ:
ಅಕ್ಕಾ, ಬೀಚಿಗೆ ಹೇಗೆ?
ಒಂದು ಕೈಯಲ್ಲಿ ಟ್ಯೂಬು, ಒಂದರಲ್ಲಿ ಅಂಟು,
ಗಲ್ಲದಿಂದಲೇ ತೋರಿಸುತ್ತೇನೆ ಕೆಳಕ್ಕೆ.

ಮಾಕುಟ್ಟ ಇಳಿಯಿರಿ, ಎರಡನೇ ಗೇರು ಬಿಡಬೇಡಿ.
ಆನೆ ನಿಂತಿದ್ದರೆ ಹಾರ್ನು ಬೇಡ, ಕಾಯಿರಿ,
ಅದಕ್ಕೂ ಎಲ್ಲಿಗೋ ಹೋಗುವುದಿರುತ್ತದೆ.
ಕೂಟುಪುಳದ ಸೇತುವೆ ದಾಟಿದರೆ ಬೋರ್ಡಿನ ಅಕ್ಷರ ಬೇರೆ,
ಓದಲು ಬಾರದಿದ್ದರೆ ಬಸ್ಸಿನ ಹಿಂದೆ ಹೋಗಿ.
ಇರಿಟ್ಟಿ ಕಳೆದು ಇನ್ನೂ ಕೆಳಗೆ, ಆಮೇಲೆ ಊರು.
ರೈಲು ಗೇಟು. ಹಾಕಿದ್ದರೆ ಇಳಿದು ಕಡಲೆಕಾಯಿ ತಿನ್ನಿ.
ದಾಟಿ ಎಡಕ್ಕೆ, ಹಳದಿ ಮಸೀದಿ,
ಹಗ್ಗ ಮಾರುವ ಅಂಗಡಿ, ಅದರೆದುರು ಒಂದು ಓಣಿ.
ಎದುರಿಗೆ ಆಟೋ ಬಂದರೆ ಹಿಂದೆ ಸರಿಯಬೇಕಾದವರು ನೀವೇ.
ದೀಪಸ್ತಂಭ ಬಲಕ್ಕೆ ಕಂಡರೆ ಸರಿ,
ಬೆನ್ನಿಗೆ ಬಂದರೆ ಮೀರಿದಿರಿ.
ಮರಳು ಗಟ್ಟಿ ಇರುವಲ್ಲೇ ನಿಲ್ಲಿಸಿ ಕಾರು,
ನೀರು ಹೇಳಿ ಬರುವುದಿಲ್ಲ.

ನೀವೆಷ್ಟು ಸಲ ಹೋಗಿದ್ದೀರಿ ಅಕ್ಕಾ, ಎಂದವರು ಕಡಿಮೆ.
ಅಷ್ಟರಲ್ಲಿ ಗೇಟು ಎದ್ದಿರುತ್ತದೆ.

ಇದೆಲ್ಲ ಉಸ್ಸೇನಾರ್ ಕೊಟ್ಟದ್ದು, ಕಂತಿನಲ್ಲಿ,
ಹನ್ನೊಂದು ವರ್ಷ, ಮುಂಜಾನೆ ಐದಕ್ಕೆ,
ಮೀನಿನ ಲಾರಿ ಅಂಗಡಿ ಮುಂದೆ ಉಸಿರು ಬಿಡುವ ಹೊತ್ತು.
ಗಾಳಿ ನೋಡುತ್ತ ನಾನು, ಕಟ್ಟಂಚಾಯ ಊದುತ್ತ ಅವನು.
ಐಸು ಕರಗಿ ಹಲಗೆಯ ಸಂದಿನಿಂದ ಸೋರಿ
ಡಾಂಬರಿನ ಮೇಲೊಂದು ಗೆರೆ, ವೀರಾಜಪೇಟೆಯವರೆಗೆ.
ನಾಯಿಗಳು ಅದನ್ನು ನೆಕ್ಕಿ ಮುಖ ಕಿವುಚುತ್ತವೆ.
ನನ್ನ ಪಾಲಿಗೆ ಬಂದ ಕಡಲು ಅಷ್ಟೇ.

ಪುತ್ತರಿ ಕಳೆದ ವಾರ ಬಿಳಿ ಕಾರೊಂದು ವಾಪಸು ಬಂತು.
ಎಲ್ಲಿದೆ ನಿಮ್ಮ ರೈಲು ಗೇಟು? ಮೇಲ್ಸೇತುವೆ ಅಲ್ಲಿ!
ಹತ್ತಿ ಇಳಿದರೆ ನೇರ ಮೀನಿನ ಅಂಗಳ,
ಹಗ್ಗದಂಗಡಿಯಲ್ಲಿ ಮೊಬೈಲು ಮಾರುತ್ತಾರೆ!
ಮಸೀದಿ? ಅಂದೆ, ಮೆಲ್ಲಗೆ.
ಇದೆ. ಹಸಿರು.

ಉಸ್ಸೇನಾರ್ ನಕ್ಕ.
ರಾತ್ರಿ ಒಂದಕ್ಕೆ ಹೋಗುವವನಿಗೆ ಬಣ್ಣ ಯಾರು ಹೇಳುತ್ತಾರೆ ಲೀಲಕ್ಕಾ,
ಹತ್ತು ನಾಳೆ, ಲಾರಿ ಹೇಗೂ ಖಾಲಿಯೇ ಇಳಿಯುವುದು.

ನಮ್ಮಲ್ಲಿ ದಾರಿಯೆಂದರೆ ಏರು, ಇಲ್ಲಾ ಇಳಿ.
ನಾದಿನಿ ಮನೆ ಮೇಲೆ, ರೇಷನ್ನು ಕೆಳಗೆ,
ಕತ್ತಲಾದರೂ ಕಾಲಿಗೆ ಗೊತ್ತು.
ಅಲ್ಲಿ ನೆಲ ಅಕ್ಕಿ ಒಟ್ಟಿ ತಟ್ಟಿದ ಹಾಗೆ,
ಮೊಣಕಾಲಿಗೆ ಸುದ್ದಿಯೇ ಇಲ್ಲ.
ಐಸು ತುಂಬುವಷ್ಟರಲ್ಲಿ ಬಾ ಅಂದ, ನಡೆದೆ.
ಶಟರು ಎಳೆದರೆ ಎಲ್ಲ ಅಂಗಡಿಯೂ ಒಂದೇ ಅಂಗಡಿ.
ದೀಪ ಬಲಕ್ಕೆ ಬಂತು, ಬೆನ್ನಿಗೆ ಬಂತು, ಮತ್ತೆ ಬಲಕ್ಕೆ,
ಸುತ್ತುತ್ತಿದ್ದದ್ದು ದೀಪವೋ ನಾನೋ.
ಬೈಕಿನವನೊಬ್ಬ ನಿಲ್ಲಿಸಿ ಮಲಯಾಳದಲ್ಲಿ ಏನೋ ಕೇಳಿದ,
ಆಸ್ಪತ್ರೆ ಅಂತ ಮಾತ್ರ ತಿಳಿಯಿತು.
ಅಭ್ಯಾಸಬಲ, ಗಲ್ಲ ಎತ್ತಿ ತೋರಿಸಿದೆ.
ಹೋಗಿಯೇಬಿಟ್ಟ, ಪಾಪ.

ಆಮೇಲೊಂದು ಗೋಡೆ. ಉದ್ದ, ಮೇಲೆ ಗಾಜಿನ ಚೂರು.
ಆಚೆ ಯಾರೋ ಮೊರದಲ್ಲಿ ಬತ್ತ ಆಡಿಸಿ
ನಿಲ್ಲಿಸಿ
ಮತ್ತೆ ಆಡಿಸುವ ಸದ್ದು.
ಗೋಡೆ ತಡವುತ್ತ ಹೋದೆ, ಬಾಗಿಲಿಗಾಗಿ.
ಹಿಂದೆ ಲಾರಿಯ ಹಾರ್ನು, ಮೂರು ಸಲ.
ಮೀನು ಕಾಯುವುದಿಲ್ಲ.
ಅಂಗೈಗೆ ಅಂಟಿದ ಸುಣ್ಣ ಮಾಕುಟ್ಟ ಹತ್ತುವವರೆಗೂ ಇತ್ತು.

ಈಗ ಹೀಗೆ ಹೇಳುತ್ತೇನೆ:
ಸೇತುವೆಯ ಮೇಲೆ ಹತ್ತಿ, ಇಳಿಯಿರಿ. ಒಂದು ಮಸೀದಿ.
ಬಣ್ಣ ನಂಬಬೇಡಿ. ಉದ್ದದ ಗೋಡೆ ಬರುತ್ತದೆ,
ಅಲ್ಲಿಯವರೆಗೆ ನನ್ನ ಹೊಣೆ.
ಮುಂದೆ ಅಲ್ಲಿಯವರನ್ನು ಕೇಳಿ,
ಬೈಕಿನವರನ್ನು ಮಾತ್ರ ಬೇಡ.

ನಿನ್ನೆ ಹಿಂದಿನ ಸೀಟಿನ ಹುಡುಗಿ ಕೇಳಿದಳು:
ಗೋಡೆಯ ಆಚೆ ನೀರಿದೆಯಾ ಆಂಟಿ?
ಸದ್ದಿತ್ತು, ಅಂದೆ.
ಗೇಟು ಎದ್ದಿತು.